ಹಿರೇಮದ್ದಿನ ಬೇರಿಗೆ ಅರಿಷಿಣದ ಪಾಲಿಶ್

ಚೀಲದ ಬಾಯಿ ಬಿಚ್ಚಿದ ಕೂಡಲೇ ನನ್ನ ತಲೆ ಕೆಟ್ಟಿತು. ಒಳಗಿದ್ದದ್ದು ಅಶ್ವಗಂಧದ ಬೇರು, ಹಳಬರು ಹಿರೇಮದ್ದು ಎನ್ನುವುದು ಇದಕ್ಕೇ. ಅದು ಮಣ್ಣಿನ ಬಣ್ಣಕ್ಕಿರಬೇಕು, ಮುರಿದರೆ ಒಳಗೆ ಹಿಟ್ಟಿನಂತೆ ಬೆಳ್ಳಗಿರಬೇಕು, ಮೂಗಿಗೆ ಹಿಡಿದರೆ ಕುದುರೆ ಲಾಯದ ವಾಸನೆ ಬಡಿಯಬೇಕು. ನನ್ನ ಮುಂದಿದ್ದ ಬೇರು ಹಳದಿಯಾಗಿ, ನುಣ್ಣಗೆ, ಮದುವೆಗೆ ಹೊರಟವರ ಹಾಗೆ ಮಿರಮಿರ ಮಿಂಚುತ್ತಿತ್ತು. ಒಂದನ್ನು ಮುರಿದೆ. ಒಳಗೆ ಹಿಟ್ಟಿರಲಿಲ್ಲ, ಕಂದು ಬಣ್ಣದ ಗಾಜಿನಂಥ ಗಟ್ಟಿ ಇತ್ತು. ಮೂಸಿದೆ. ಅರಿಷಿಣದ ವಾಸನೆ.

ನಿಪ್ಪಾಣಿಯ ಹೊರಗೆ ಇರುವ ಒಂದು ಸಣ್ಣ ಆಯುರ್ವೇದ ಔಷಧಿ ಕಾರ್ಖಾನೆಯಲ್ಲಿ ಕಚ್ಚಾ ಮಾಲನ್ನು ಪರೀಕ್ಷೆ ಮಾಡಿ ಒಳಗೆ ಬಿಡುವುದು ಇಲ್ಲವೇ ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ನನ್ನ ಸಹಿ ಇಲ್ಲದೆ ಒಂದು ಬೇರೂ ಯಂತ್ರಕ್ಕೆ ಬೀಳುವಂತಿಲ್ಲ. ಹೊರರಾಜ್ಯದ ಪೇಟೆಯಿಂದ ಬರುತ್ತಿದ್ದ ಅಶ್ವಗಂಧದಲ್ಲಿ ಬೇರಿಗಿಂತ ಕಡ್ಡಿ, ಕಡ್ಡಿಗಿಂತ ಧೂಳು ಜಾಸ್ತಿ ಇರುತ್ತಿದ್ದವು. ಅದಕ್ಕೇ ನಮ್ಮ ಮಾಲಕರು ಇಲ್ಲೇ ಯಾರಿಂದಲಾದರೂ ಬೆಳೆಸೋಣ ಎಂದರು. ಆ ಬಗ್ಗೆ ರಾಯಬಾಗದಲ್ಲಿ ಒಂದು ಸಭೆ ಮಾಡಿದೆವು. ಬಂದವರೆಲ್ಲ ಚಹಾ ಕುಡಿದು ಎದ್ದು ಹೋದರು. ಕೊನೆಯ ಸಾಲಿನಲ್ಲಿ ಕೂತಿದ್ದ, ದಿಗ್ಗೇವಾಡಿಯ ಒಂದು ಅರಿಷಿಣದ ಮನೆಯ ಸೊಸೆ ಮಾತ್ರ ಎದ್ದು ಬಂದು, "ಬೀಜಾ ನೀವ ಕೊಡ್ತೀರೇನ್ರಿ?" ಎಂದು ಕೇಳಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮಡ್ಡಿಯಲ್ಲಿ, ಅಂದರೆ ಎತ್ತರದ ಹರಳು ನೆಲದ ಹೊಲದಲ್ಲಿ, ಒಂದು ಎಕರೆ ಬಿತ್ತಿದಳು. ಬೆಳೆ ಚೆನ್ನಾಗಿಯೇ ಬಂತು. ಹಣ್ಣು ಕೆಂಪಾಗಿ ಎಲೆ ಹಳದಿಗೆ ತಿರುಗಿದ ಮೇಲೆ ಒಂದಷ್ಟು ಕಿತ್ತು ಕಳಿಸಿ, ನೋಡಿ ಹೇಳುತ್ತೇನೆ ಅಂದಿದ್ದೆ. ಹಾಗೆ ಬಂದ ಮೊದಲ ಚೀಲ ಇದು.

ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಖುಷಿಯಿಂದ ಕೇಳಿದಳು.

"ಮಾಲು ಮುಟ್ಟಿತೇನ್ರಿ ಮೇಡಂ? ಚಂದ ಆಗ್ಯಾವಲ್ರಿ?"

"ವೈನಿ, ಏನ್ ಮಾಡೀರಿ ಇದಕ್ಕ?" ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತೇವೆ.

"ಕಿತ್ತ ದಿನಾನ ಮಾವಾರು ಅರಿಷಿಣದ ಜೋಡಿ ಹಾಕಿ ಕುದಿಸ್ಯಾರ್ರಿ. ಆಮ್ಯಾಲ ಒಣಗಿಸಿ ಡ್ರಮ್ಮಿಗೆ ಹಾಕ್ಸಿ ಪಾಲಿಶ್ ಮಾಡ್ಸ್ಯಾರ. ಯಾಕ್ರಿ, ಕಮ್ಮಿ ಬಿತ್ತೇನ್ರಿ?"

ಕೃಷ್ಣೆಯ ದಂಡೆಯ ಊರುಗಳಲ್ಲಿ ಅರಿಷಿಣ ಬೆಳೆಯದ ಮನೆ ಕಡಿಮೆ. ಅರಿಷಿಣದ ರೀತಿ ಹೀಗೆ: ಕಿತ್ತ ಗಡ್ಡೆಯನ್ನು ಕುದಿಸಬೇಕು, ಬಿಸಿಲಿಗೆ ಒಣಗಿಸಬೇಕು, ಆಮೇಲೆ ಕಬ್ಬಿಣದ ಡ್ರಮ್ಮಿಗೆ ತುಂಬಿ ಗರಗರ ತಿರುಗಿಸಬೇಕು. ಗಡ್ಡೆಗಳು ಒಂದಕ್ಕೊಂದು ಉಜ್ಜಿ ಮೇಲಿನ ಸಿಪ್ಪೆ ಹೋಗಿ ಬಂಗಾರದ ಬಣ್ಣ ಬರುತ್ತದೆ. ಅಶ್ವಗಂಧಕ್ಕೆ ಇದನ್ನೇ ಮಾಡಿದರೆ ಕುದಿಸುವಾಗ ಸತ್ವ ನೀರಿಗೆ ಇಳಿಯುತ್ತದೆ, ಒಳಗಿನ ಹಿಟ್ಟು ಬೆಂದು ಗಂಜಿಯಾಗಿ ಗಟ್ಟಿಯಾಗುತ್ತದೆ. ಉಳಿದ ಚೂರುಪಾರು ಸತ್ವ ಸಿಪ್ಪೆಯ ಜೊತೆ ಡ್ರಮ್ಮಿನಲ್ಲಿ ಹೋಗುತ್ತದೆ. ಅದರ ಮೇಲೆ ಆ ಡ್ರಮ್ಮನ್ನು ಹಿಂದೆ ಬಳಸಿದವರ ಅರಿಷಿಣದ ಪುಡಿ ಬೇರೆ ಮೆತ್ತಿಕೊಂಡಿರುತ್ತದೆ. ಬಿತ್ತುವುದು ಹೇಗೆ, ಕೀಳುವುದು ಹೇಗೆ ಎಂದು ಹೇಳಿಕೊಟ್ಟಿದ್ದೆ. ಕುದಿಸಬೇಡಿ ಎಂದು ಹೇಳಬೇಕಾಗುತ್ತದೆ ಎಂದು ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ.

ಮಾರನೆಯ ದಿನವೇ ಬಸ್ಸು ಹತ್ತಿದೆ. ಕಬ್ಬು ಕಡಿಯುವ ಕಾಲ. ಚಿಕ್ಕೋಡಿ ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಅದರ ಮೇಲೆ ಕಿವಿ ಹರಿಯುವಂಥ ಹಾಡು, ಅದರ ಹಿಂದೆ ತೆವಳುವ ನಮ್ಮ ಬಸ್ಸು. ರಾಯಬಾಗದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ದಿಗ್ಗೇವಾಡಿ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿರಬಹುದು ಎಂದುಕೊಂಡಿದ್ದೆ. ಇಳಿದಿರಲಿಲ್ಲ.

ಮಾವ ಅಂಗಳದಲ್ಲಿ ಹರವಿದ ಅರಿಷಿಣದಲ್ಲಿ ಕೈಯಾಡಿಸುತ್ತಿದ್ದರು. ಬಿಳಿ ಧೋತರ, ಗಾಂಧಿ ಟೊಪ್ಪಿಗೆ, ತಿದ್ದಿ ತೀಡಿದ ಮೀಸೆ. ಹೊರಸು ಹಾಕಿ ಕೂಡಿಸಿದರು, ಚಹಾ ತರಿಸಿದರು. ಮರ್ಯಾದೆಗೆ ಏನೂ ಕೊರತೆಯಿಲ್ಲ. ಹೇಳಿದ್ದನ್ನು ಕೇಳುವ ವಿಷಯದಲ್ಲಿ ಮಾತ್ರ ಕಿವಿ ಮುಚ್ಚಿಕೊಂಡಿದ್ದರು.

"ಕಾಕಾ, ಈ ಬೇರು ಕುದಿಸಬಾರದ್ರಿ. ಕುದಿಸಿದ್ರ ಅದರಾಗಿನ ಔಷಧಿ ಹೋಗಿಬಿಡತೈತಿ."

"ಔಷಧಿ ಹೋತೋ ಬಿಟ್ಟಿತೋ, ಆ ನಾತಾ ಹೋತು. ಕುದರಿ ಕಟ್ಟಿದ ಜಾಗಾ ನಾತಾ ಹೊಡದಂಗ ಹೊಡೀತಿತ್ತು. ಅಂಥಾದ್ದ ಮಂದಿ ಬಾಯಾಗ ಹಾಕೋತಾರೇನ್ರಿ?"

"ಆ ನಾತಾನ ಇರಬೇಕ್ರಿ. ಅದರ ಮ್ಯಾಲೇ ಅದಕ್ಕ ಅಶ್ವಗಂಧ ಅಂತ ಹೆಸರಿಟ್ಟಾರ."

"ಇಟ್ಟಾವಾ ಒಕ್ಕಲತನ ಮಾಡಿದಾವಲ್ಲ ಬಿಡ್ರಿ."

ನಾನು ಹಲ್ಲು ಕಚ್ಚಿಕೊಂಡು ಸತ್ವ, ಹಿಟ್ಟು, ಸಿಪ್ಪೆ ಎಂದು ಮೊದಲಿನಿಂದ ಹೇಳಿದೆ. ಅವರು ಒಂದು ಅರಿಷಿಣದ ಕೊಂಬು ಎತ್ತಿ ನನ್ನ ಅಂಗೈಯಲ್ಲಿಟ್ಟರು.

"ನೋಡ್ರಿ ಮೇಡಂ. ನಮ್ಮ ಮನೀ ಮಾಲು ಸಾಂಗ್ಲಿ ಪೇಟ್ಯಾಗ ಇಳೀತಂದ್ರ ದಲಾಲಿ ಚೀಲಾ ಬಿಚ್ಚಿ ನಾಕ ಮಂದೀನ ಕರದು ತೋರಸ್ತಾನ. ನಮ್ಮಪ್ಪನ ಕಾಲದಿಂದ ನಡದಬಂದೈತಿ. ಮಣ್ಣ ಮೆತ್ತಿದ ಮಾಲು ಈ ಬಾಗಲಾ ದಾಟಿದ್ರ ಮಂದಿ ಏನಂತಾರು? ಮನ್ಯಾಗ ಮೈಗಳ್ಳರ ಅದಾರ ಅಂತಾರ."

ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ, ಸೋಮಾರಿತನವಂತೂ ಇರಲೇ ಇಲ್ಲ. ಕೆಡಿಸಿದ್ದೆಲ್ಲ ಅತಿ ಶ್ರದ್ಧೆಯಿಂದಲೇ ಕೆಡಿಸಿದ್ದರು. ಕಳ್ಳರ ಜೊತೆ ಜಗಳಾಡಬಹುದು, ಇಂಥವರ ಜೊತೆ ಏನು ಮಾಡುವುದು? ಇನ್ನು ಕುದಿಸುವುದಿಲ್ಲ, ಪಾಲಿಶ್ ಮಾಡುವುದಿಲ್ಲ ಎಂದು ಮಾತು ತೆಗೆದುಕೊಂಡೇ ಎದ್ದೆ. ಮುಕ್ಕಾಲು ಪಾಲು ಬೆಳೆ ಇನ್ನೂ ನೆಲದಲ್ಲೇ ಇತ್ತು. ಅರಿಷಿಣ ಕೀಳುವ ಗಡಿಬಿಡಿಯಲ್ಲಿ ಆಳು ಸಿಕ್ಕಷ್ಟೇ ಬೇರು ಕೀಳುತ್ತಿದ್ದರು.

ಬಸ್ ಸ್ಟಾಪಿನವರೆಗೆ ಸೊಸೆ ಜೊತೆಗೆ ಬಂದಳು. ಅವಳ ಗಂಡ ಹಂಗಾಮು ಮುಗಿಯುವವರೆಗೂ ಕಬ್ಬಿನ ಟ್ರ್ಯಾಕ್ಟರ್ ಮೇಲೆಯೇ ಇರುತ್ತಾನೆ, ಮನೆಯಲ್ಲಿ ಮಾತು ನಡೆಯುವುದು ಮಾವನದು. ಸ್ವಲ್ಪ ದೂರ ನಡೆದವಳು ನಿಂತುಬಿಟ್ಟಳು.

"ಮೇಡಂ, ಮಡ್ಡಿ ಹೊಲಕ್ಕ ಈಗ ಪೈಪ್‌ಲೈನ್ ಬಂದೈತ್ರಿ. ಮಾವಾರು ಅಲ್ಲೂ ಕಬ್ಬ ಹಚ್ಚೂಣು ಅಂದ್ರು. ನಾ ಕೈಕಾಲ ಹಿಡದು ಒಂದ ಸಲಕ್ಕಂತ ಈಸ್ಕೊಂಡೀನಿ. ಈ ಬೇರು ನೀವು ತಗೊಳ್ಳಿಲ್ಲಂದ್ರ ಕಾರಹುಣ್ಣಿವಿ ಆಗೂದ್ರೊಳಗ ಅಲ್ಲಿ ಕಬ್ಬ ಬೀಳತೈತಿ. ಒಮ್ಮೆ ಬಿತ್ತಂದ್ರ ಕಡದ ಬುಡದಿಂದನ ಮತ್ತ ಚಿಗೀತೈತಿ, ಕೂಳಿ ಮ್ಯಾಲ ಕೂಳಿ. ಆ ಹೊಲಾ ಮತ್ತ ನನ್ನ ಕೈಗೆ ಬರೂದಿಲ್ರಿ."

"ಹೇಳಿ ನೋಡೂಣು ವೈನಿ, ಒಂದ ವರ್ಷ ಹೋದ್ರ..."

"ಲಗ್ನಾ ಆಗಿ ಬಂದಾಗಿಂದ ಯಾವ ಹೊಲದಾಗ ಏನ್ ಬಿತ್ತಬೇಕಂತ ನನ್ನ ಯಾರೂ ಕೇಳಿಲ್ರಿ. ಇದೊಂದ ನಾ ಹೇಳಿ ಬಿತ್ತಿದ್ದು."

ಬಸ್ಸು ಬಂತು, ಹತ್ತುವಾಗ ಅವಳಿಗೆ ಒಂದೇ ಮಾತು ಹೇಳಿದೆ: "ಬೇರಿಗೆ ಏನೂ ಮಾಡಬ್ಯಾಡ್ರಿ. ಕೀಳ್ರಿ, ಒಣಗಸ್ರಿ, ಕಳಸ್ರಿ. ಅಷ್ಟ." ಆ ಮಾತು ಮನೆಯಲ್ಲಿ ಹೇಗೆ ಜಾರಿಗೆ ಬಂದೀತು ಎಂದು ಯೋಚಿಸುವಷ್ಟು ಬುದ್ಧಿ ನನಗೆ ಇರಬೇಕಿತ್ತು.

ಎರಡನೆಯ ಮಾಲು ಬಂತು. ಚೀಲ ಸುರುವಿದರೆ ನೆಲದ ತುಂಬ ಮಣ್ಣು. ಮಡ್ಡಿಯ ಕೆಂಪು ಮಣ್ಣು, ಸಣ್ಣ ಹರಳು, ಕಾಂಡದ ತುಂಡು, ಇವುಗಳ ನಡುವೆ ಹುಡುಕಿದರೆ ಬೇರು. ತೊಳೆದಿಲ್ಲ, ಕೊಡವಿಲ್ಲ, ಕೂದಲಿನಂಥ ಸಣ್ಣ ಬೇರುಗಳನ್ನು ಸವರಿಲ್ಲ. ಆದರೂ ನಿಯಮದಂತೆ ಪರೀಕ್ಷೆಗೆ ಇಟ್ಟೆ. ಬೇರನ್ನು ಪುಡಿ ಮಾಡಿ ವಿದ್ಯುತ್ ಕುಲುಮೆಯಲ್ಲಿ ಸುಟ್ಟು ಬೂದಿ ಮಾಡುತ್ತೇವೆ, ಆ ಬೂದಿಗೆ ಆಮ್ಲ ಹಾಕಿ ಕುದಿಸುತ್ತೇವೆ. ಬೇರಿನದೆಲ್ಲ ಕರಗಿಹೋಗುತ್ತದೆ, ಕರಗದೆ ತಳದಲ್ಲಿ ಉಳಿಯುವುದು ಮರಳು ಮಣ್ಣು. ಈ ಮಾಲಿನಲ್ಲಿ ಅದು ಇರಬಹುದಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಈ ಪುಡಿಯನ್ನು ಹಾಲಿಗೆ ಹಾಕಿ ಕುಡಿದವರ ಹಲ್ಲಿನಲ್ಲಿ ಮಡ್ಡಿ ಹೊಲ ಕರಕರ ಎನ್ನುತ್ತಿತ್ತು.

ಫೋನು ಮಾಡಿದರೆ ಎತ್ತಿದವರು ಮಾವ.

"ಏನೂ ಮಾಡಬ್ಯಾಡ ಅಂದ್ರಿ. ಮಾಡ್ಲಿಲ್ಲ," ಎಂದರು. ಆ ದನಿಯಲ್ಲಿದ್ದ ಸಮಾಧಾನ ಕೇಳಿ ನನಗೆ ಫೋನು ಗೋಡೆಗೆ ಬಡಿಯಬೇಕು ಅನ್ನಿಸಿತು.

"ಮಣ್ಣ ತೊಳೀಬ್ಯಾಡ್ರಿ ಅಂತ ನಾ ಯಾವಾಗ ಅಂದ್ನಿ ಕಾಕಾ?"

"ಮದಲ ಸ್ವಚ್ಛ ಕಳಿಸಿದ್ರ ಬ್ಯಾಡ ಅಂದ್ರಿ. ಈಗ ಹೊಲಸ ಕಳಿಸಿದ್ರ ಬ್ಯಾಡ ಅಂತೀರಿ. ನಿಮಗ ಏನ್ ಬೇಕಂತ ಮದಲ ನೀವ ನಕ್ಕಿ ಮಾಡ್ಕೊರ್ರಿ."

ಸೊಸೆಯ ಕೈಗೆ ಫೋನು ಕೊಡಿಸಿ ಒಂದೊಂದೇ ಹೆಜ್ಜೆ ಹೇಳಿದೆ. ಪಂಪಿನ ನೀರು ಬೀಳುವಲ್ಲಿ ಹಿಡಿದು ಲಗುಬಗೆಯಿಂದ ತೊಳೆಯಬೇಕು, ನೆನೆಹಾಕಬಾರದು. ತಲೆಯ ಹತ್ತಿರ ಕಾಂಡ ಕತ್ತರಿಸಬೇಕು, ಸಣ್ಣ ಬೇರು ಸವರಬೇಕು. ಹೊಸ ತಾಡಪತ್ರಿಯ ಮೇಲೆ, ಅರಿಷಿಣ ಹರವಿದ ಅಂಗಳದಿಂದ ದೂರ ಒಣಗಿಸಬೇಕು. ಮುರಿದರೆ ಟಕ್ಕೆಂದು ಮುರಿದು ಒಳಗಿನಿಂದ ಹಿಟ್ಟು ಉದುರಬೇಕು. ಅವಳು ಪ್ರತಿಯೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ಎಲ್ಲಿಯೂ ತಪ್ಪಲಿಲ್ಲ.

ಮೂರನೆಯ ಮಾಲು ನೋಡಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಕಡ್ಡಿ ಇಲ್ಲ, ಮಣ್ಣಿಲ್ಲ. ಮುರಿದರೆ ಟಕ್ಕೆಂದಿತು, ಒಳಗೆ ಬೆಳ್ಳನೆ ಹಿಟ್ಟು. ಮೂಸಿದರೆ ಕುದುರೆ ಲಾಯವೇ ಎದುರಿಗೆ ಬಂತು. ತಡೆದುಕೊಳ್ಳಲಾರದೆ ಮಾಲಕರಿಗೂ ಹೋಗಿ ಹೇಳಿಬಿಟ್ಟೆ. ತಿರುಗಿ ಬಂದು ಕಿಟಕಿಯ ಬಿಸಿಲಿಗೆ ಹಿಡಿದು ನೋಡುತ್ತೇನೆ, ಬೇರಿನ ಗೆರೆಗಳ ಸಂದಿಯಲ್ಲಿ ಏನೋ ಹಳದಿ ನೆರಳು. ಮೇಲಿನ ಸಿಪ್ಪೆ ಅಲ್ಲಲ್ಲಿ ತರಚಿದೆ. ಕಾವಲುಗಾರನ ಎಲೆಅಡಿಕೆ ಚೀಲದಿಂದ ಒಂದಿಷ್ಟು ಸುಣ್ಣ ಈಸಿಕೊಂಡು ಬಂದು ನೀರಲ್ಲಿ ಕಲಸಿ ಬೇರಿಗೆ ತಿಕ್ಕಿದೆ. ಸುಣ್ಣ ತಾಗಿದಲ್ಲೆಲ್ಲ ಕುಂಕುಮದ ಬಣ್ಣ ಎದ್ದಿತು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ನಮ್ಮ ಕಡೆ ಯಾವ ಮನೆಗೂ ಹೊಸದಲ್ಲ. ಮತ್ತೆ ಅದೇ ಡ್ರಮ್ಮು!

ಈ ಸಲ ಸೊಸೆಗೆ ಗೊತ್ತೇ ಇರಲಿಲ್ಲ. ಒಣಗಿದ ಬೇರನ್ನು ಚೀಲಕ್ಕೆ ತುಂಬಿಟ್ಟು ತವರಿನವರ ಜೊತೆ ಯಡೂರಿಗೆ ವೀರಭದ್ರನ ದರ್ಶನಕ್ಕೆ ಹೋಗಿದ್ದಳಂತೆ. ಅವಳು ತಿರುಗಿ ಬರುವುದರೊಳಗೆ ಮಾವ ಚೀಲ ಹೊರಿಸಿಕೊಂಡು ಹೋಗಿ ಡ್ರಮ್ಮಿಗೆ ಸುರುವಿಸಿದ್ದರು. ಕೇಳಿದರೆ ಮುಚ್ಚುಮರೆ ಇಲ್ಲ.

"ಕುದಿಸಿಲ್ಲಲ್ರಿ? ಮಾತ ಕೊಟ್ಟಂಗ ಕುದಿಸಿಲ್ಲ. ಎರಡ ಸುತ್ತ ತಿರಿವಿಸೀನಿ, ಅಷ್ಟ. ಬರೇ ಮಸಕ ಮಸಕ ಅದಾವು, ನೋಡಾಕ ಕಳಾ ಇಲ್ಲ."

ಫೋನಿನಾಚೆ ಸೊಸೆ ಅಳುವುದು ಕೇಳಿಸುತ್ತಿತ್ತು. ನನಗೂ ಅಳುವಷ್ಟು ಸಿಟ್ಟು ಬಂದಿತ್ತು.

ಮಾಲಕರು ಒಳ್ಳೆಯವರು, ಆದರೆ ವ್ಯಾಪಾರಿ. ಮೂರನೆಯ ಮಾಲನ್ನೂ ತಿರಸ್ಕರಿಸುತ್ತೇನೆ ಎಂದಾಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತಮ್ಮ ಮರಾಠಿ ಬೆರೆತ ಮಾತಿನಲ್ಲಿ ಅಂದರು.

"ಅಹೋ ಮೇಡಂ, ಕಡೀಕ ಪುಡೀನ ಆಗೂದಲ್ಲ? ಹೊರಗಿನ ಮಾಲಿನಾಗ ಥೋಡೆ ಥೋಡೆ ಕೂಡಿಸಿ ಹೊಡದಬಿಡ್ರಿ. ಕುಣಾಲಾ ಕಳತಯ್? ಯಾರಿಗೆ ಗೊತ್ತಾಗತೈತಿ?"

"ಹಂಗಾದ್ರ ಸಹೀನೂ ನೀವ ಮಾಡ್ರಿ ಸರ್."

ಅವರು ನಕ್ಕರು, ನಾನು ನಗಲಿಲ್ಲ. ಆಮೇಲೆ ಅವರೂ ಗಂಭೀರವಾದರು. "ಬರೋಬರ್ ಐತಿ. ಆದ್ರ ನನಗ ಮಾಲು ಬೇಕು. ನೆಲದಾಗ ಉಳದದ್ದು ಒಂದ ಸಲ ನೋಡ್ರಿ. ಅದೂ ಕೆಟ್ಟರ ಈ ಮನಿ ಬಿಡ್ರಿ, ಪೇಟಿಗೆ ಆರ್ಡರ್ ಹಾಕ್ತೀನಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನೆಲದಲ್ಲಿ ಉಳಿದಿದ್ದದ್ದು ಕಾಲು ಪಾಲು ಬೆಳೆ. ಬಿಸಿಲು ಏರುತ್ತಿತ್ತು, ಇನ್ನಷ್ಟು ದಿನ ಬಿಟ್ಟರೆ ಬೇರು ನಾರಾಗಿ ಕಟ್ಟಿಗೆಯಾಗುತ್ತದೆ. ಇನ್ನೊಂದು ಸಲ ಫೋನಿನಲ್ಲಿ ಪಾಠ ಹೇಳಬೇಕೇ? ಹೇಳಿದರೆ ಆ ಮನುಷ್ಯ ಈ ಸಲ ಬೇರಿಗೆ ಏನು ಸಿಂಗಾರ ಮಾಡಿ ಕಳಿಸಿಯಾರು? ಈ ಮನೆಯೇ ಬೇಡ ಎಂದು ಬರೆದು ಮುಗಿಸಿಬಿಡಲು ಕೈ ತುರಿಸುತ್ತಿತ್ತು. ಬರೆದರೆ ಮಡ್ಡಿಗೆ ಕಬ್ಬು ಬೀಳುತ್ತದೆ, ಆ ಹೆಣ್ಣುಮಗಳು ಹೇಳಿ ಬಿತ್ತಿದ ಒಂದೇ ಬೆಳೆ ಅಲ್ಲಿಗೆ ಮುಗಿಯುತ್ತದೆ. ಬರೆಯಲಿಲ್ಲ. ಇನ್ನು ಬಾಯಿಂದ ಹೇಳುವುದನ್ನು ನಿಲ್ಲಿಸಿ, ಕಣ್ಣಿಗೆ ತೋರಿಸಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಕೆಟ್ಟ ಮಾಲು ತಿರುಗಿ ಒಯ್ಯಲು ಮಾವ ಸೊಸೆ ಇಬ್ಬರೂ ಬರಬೇಕು ಎಂದು ಹೇಳಿ ಕಳಿಸಿದೆ.

ಬಂದರು. ಯಂತ್ರದ ಕೋಣೆಗೆ ಹೋಗುವಾಗ ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಬೇಕು. ಗಾಂಧಿ ಟೊಪ್ಪಿಗೆ ತೆಗೆಯುವುದಿಲ್ಲ ಎಂದು ಮಾವ ಪಟ್ಟು ಹಿಡಿದರು. ಅದರ ಮೇಲೆಯೇ ಪ್ಲಾಸ್ಟಿಕ್ಕಿನದು ಎಳೆದು ಕೂರಿಸಿದೆ. ಒಳಗೆ ಪುಡಿ ಮಾಡುವ ಯಂತ್ರ ಓಡುತ್ತಿತ್ತು. ನಮ್ಮ ಕೆಲಸದವನು ಒಂದು ಬುಟ್ಟಿ ಬೇರನ್ನು ಅದರ ಬಾಯಿಗೆ ಸುರುವಿದ. ಅಬ್ಬರದ ಸದ್ದು, ಕೆಳಗೆ ಕಟ್ಟಿದ ಚೀಲಕ್ಕೆ ಬೂದು ಬಣ್ಣದ ಪುಡಿ. ಮಾವ ಮೇಲಿನ ಬಾಯಿ ನೋಡಿದರು, ಕೆಳಗಿನ ಚೀಲ ನೋಡಿದರು, ಮತ್ತೆ ಮೇಲೆ ನೋಡಿದರು.

"ಇದೇನ ಮಾಡಾಕತ್ತೀರಿ?"

"ಪುಡಿ ಕಾಕಾ. ಎಲ್ಲಾ ಬೇರೂ ಹಿಂಗ ಪುಡಿ ಆಗತಾವು. ಪುಡಿ ಡಬ್ಬಿಗೆ ಹೋಗತೈತಿ, ಗುಳಿಗಿಗೆ ಹೋಗತೈತಿ."

"ಬೇರು ಬೇರ ಇದ್ದಂಗ ಯಾರೂ ತಗೊಳ್ಳೂದಿಲ್ಲ?"

"ಇಲ್ರಿ."

"ಯಾರಿಗೂ ತೋರಸೂದಿಲ್ಲ?"

"ಇಲ್ಲ ಕಾಕಾ. ಅದಕ್ಕ ಹೇಳೂದು, ಪಾಲಿಶ್ ಯಾರಿಗೆ ಬೇಕು?"

ಇಷ್ಟು ದಿನ ಹಿಟ್ಟು, ಸತ್ವ, ಸಿಪ್ಪೆ ಎಂದು ಗಂಟಲು ಹರಿದುಕೊಂಡವಳು, ಈ ಬೇರು ಕಡೆಗೆ ಏನಾಗುತ್ತದೆ ಎಂಬುದನ್ನೇ ಅವರಿಗೆ ಹೇಳಿರಲಿಲ್ಲ. ಈಗಲಾದರೂ ತಿಳಿಯಿತಲ್ಲ, ಕೆಲಸ ಮುಗಿಯಿತು ಎಂದು ನಿಟ್ಟುಸಿರುಬಿಟ್ಟೆ. ಮಾವನ ಮುಖ ನೋಡಿದರೆ ಕೆಂಪೇರಿತ್ತು. ಪ್ಲಾಸ್ಟಿಕ್ ಟೊಪ್ಪಿಗೆ ಕಿತ್ತು ನನ್ನ ಕೈಗೆ ತುರುಕಿ ಹೊರಗೆ ನಡೆದರು. ನಾವಿಬ್ಬರೂ ಹಿಂದೆ ಓಡಿದೆವು.

"ಯಾರೂ ಕಣ್ಣೆತ್ತಿ ನೋಡದ ಮಾಲು ಬೆಳ್ಯಾಕ ನಮ್ಮ ಹೊಲಾ ಬೇಕೇನು? ಒಳ್ಳೇದ ಹಾಕಿದ್ರೂ ಪುಡಿ, ಹೊಲಸ ಹಾಕಿದ್ರೂ ಪುಡಿ! ನಮ್ಮ ಮನಿತನದ ಮಾಲು ಇದಲ್ಲ. ನಡೀಬೇ ಯವ್ವಾ, ಮಡ್ಡಿಗೆ ಕಬ್ಬ ಹಚ್ಚೂಣು."

ಕಬ್ಬನ್ನೇನು ಕಾರ್ಖಾನೆಯಲ್ಲಿ ಆರತಿ ಎತ್ತಿ ಕೂರಿಸುತ್ತಾರೆಯೇ, ಅದನ್ನೂ ಅರೆಯುತ್ತಾರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಸರಿಪಡಿಸಲು ಎಂದು ಕರೆಸಿ, ಇದ್ದಬದ್ದ ದಾರಿಯನ್ನೂ ನಾನೇ ಮುಚ್ಚಿಹಾಕಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಗ ಸೊಸೆ ಮಾತಾಡಿದಳು. ಮಾವನ ಎದುರಿಗೆ ಅವಳು ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಲೇ ಅಂದಳು:

"ಮಾವಾರ, ನಾವು ಮೂರ ಸಲ ಕಳಿಸೀವಿ. ಇವರು ಮೂರೂ ಸಲ ಬ್ಯಾಡ ಅಂದಾರ. ನೋಡದ ಬ್ಯಾಡ ಅಂದಾರೇನ್ರಿ?"

ಮಾವ ನಿಂತರು. ನಾನು ಆ ಕ್ಷಣ ಬಿಡಲಿಲ್ಲ. ಕೈ ಹಿಡಿದೇ ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದೆ. ಮೂರನೆಯ ಮಾಲಿನ ಒಂದು ಬೇರನ್ನು ಮುರಿದು, ಒಳಗಿನ ಹಿಟ್ಟನ್ನು ಸೂಜಿಯ ತುದಿಯಷ್ಟು ತೆಗೆದು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಹರವಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅವರು ಬಗ್ಗಿದರು. ಗಾಂಧಿ ಟೊಪ್ಪಿಗೆಯ ಮೂತಿ ಕೊಳವೆಗೆ ಬಡಿಯಿತು. ಈ ಸಲ ತಾವಾಗಿಯೇ ತೆಗೆದು ಸೊಸೆಯ ಕೈಗೆ ಕೊಟ್ಟರು.

"ಬರೇ ಕರೇ ಕರೇ ಕೂದಲಾ ಕಾಣಾಕತ್ತಾವಲ್ಲ?"

"ಅವು ನಿಮ್ಮ ಕಣ್ಣಿನ ರೆಪ್ಪಿ ಕಾಕಾ. ಸ್ವಲ್ಪ ಹಿಂದಕ್ಕ ಸರೀರಿ. ಆ ಕಣ್ಣ ಮುಚ್ಚಬ್ಯಾಡ್ರಿ, ಈ ಕಣ್ಣ ಮುಚ್ಚರಿ. ಅಯ್ಯೋ, ಎರಡೂ ಮುಚ್ಚಬ್ಯಾಡ್ರಿ!"

ಬಹಳ ಹೊತ್ತು ಒದ್ದಾಡಿದ ಮೇಲೆ ಅವರ ಭುಜ ಅಲುಗಾಡುವುದು ನಿಂತಿತು. ಕಂಡಿತು ಎಂದು ನನಗೆ ತಿಳಿಯಿತು.

"ಕಾಳ ಅದಾವು," ಎಂದರು ಮೆಲ್ಲಗೆ. "ದುಂಡಕ ಕಾಳ. ನಟ್ಟನಡಕ ಒಂದ ಚುಕ್ಕಿ."

"ಅದು ಹಿಟ್ಟು ಕಾಕಾ. ನಿಮ್ಮ ಸೊಸಿ ತೊಳದು ಒಣಗಿಸಿದ್ದು. ಡ್ರಮ್ಮು ಹೊರಗ ಕೆಡಿಸೈತಿ, ಒಳಗ ಇನ್ನೂ ಹಂಗ ಐತಿ. ಈಗ ಇದ ನೋಡ್ರಿ."

ಮೊದಲ ಚೀಲದ ಬೇರನ್ನು ಕೆರೆದು ಎರಡನೆಯ ಪಟ್ಟಿ ಮಾಡಿ ಇಟ್ಟೆ. ಅವರು ನೋಡಿದರು. ಕಾಳಿಲ್ಲ, ಚುಕ್ಕಿಯಿಲ್ಲ, ಒಂದಕ್ಕೊಂದು ಅಂಟಿಕೊಂಡ ಮುದ್ದೆ.

"ಇದೇನು, ಗಂಜಿ ಚೆಲ್ಲಿದಂಗ?"

"ನೀವು ಕುದಿಸಿದ್ದ್ರಿ."

ತಲೆ ಎತ್ತಲಿಲ್ಲ. ಮೊದಲನೆಯದು ಮತ್ತೆ ಇಡು ಎಂದು ಕೈಸನ್ನೆ ಮಾಡಿದರು. ಇಟ್ಟೆ. ಮತ್ತೆ ಎರಡನೆಯದು. ಸೊಸೆ ಟೊಪ್ಪಿಗೆ ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. ಕಡೆಗೆ ನೆಟ್ಟಗಾಗಿ ಕಣ್ಣೊರೆಸಿಕೊಂಡು ಕೇಳಿದರು:

"ಇಷ್ಟ ಒಳಗ ಹೊಕ್ಕ ನೋಡ್ತೀರಿ?"

"ಪ್ರತಿ ಮಾಲೂ ನೋಡ್ತೀವ್ರಿ."

"ಸಾಂಗ್ಲ್ಯಾಗ ದಲಾಲಿ ಮ್ಯಾಲಿನದೊಂದ ಹಿಡಿ ನೋಡ್ತಾನ," ಎಂದರು. ಅದು ನನಗೆ ಹೇಳಿದ್ದಾಗಿರಲಿಲ್ಲ. ಟೊಪ್ಪಿಗೆ ಹಾಕಿಕೊಂಡು, ತಪ್ಪಾಯಿತು ಗಿಪ್ಪಾಯಿತು ಎಂದು ಏನೂ ಅನ್ನದೆ, ಸೊಸೆಗೆ "ಉಳದದ್ದು ನಾಡದ ಕೀಳೂಣು, ಆಳಿಗೆ ಹೇಳು" ಎಂದು ಹೊರಟರು. ಅವಳು ನನ್ನ ಕಡೆ ಒಮ್ಮೆ ನೋಡಿ ಅವರ ಹಿಂದೆ ನಡೆದಳು.

ಕೊನೆಯ ಮಾಲು ತಂದವರು ಮಾವನೇ. ಟೆಂಪೋದಿಂದ ಇಳಿಸಿದ ಚೀಲ ಬಿಚ್ಚಿದರೆ, ದಪ್ಪದ್ದು ಬೇರೆ, ಸಣ್ಣದ್ದು ಬೇರೆ, ಎಲ್ಲ ಒಂದೇ ಉದ್ದಕ್ಕೆ ಕತ್ತರಿಸಿ ಹಿಡಿಹಿಡಿಯಾಗಿ ದಾರದಿಂದ ಕಟ್ಟಿಟ್ಟಿದ್ದಾರೆ. ಆ ಕಟ್ಟುಗಳನ್ನು ಬಿಚ್ಚಲು ನಮ್ಮ ಇಬ್ಬರು ಕೆಲಸದವರಿಗೆ ಮಧ್ಯಾಹ್ನದ ಊಟ ತಪ್ಪಿತು. ಇದನ್ನು ಯಾರು ಕೇಳಿದ್ದರು? ಆದರೂ ಬಾಯಿ ಮುಚ್ಚಿಕೊಂಡೆ. ಸುಣ್ಣ ತಿಕ್ಕಿದೆ, ಕೆಂಪಾಗಲಿಲ್ಲ. ಮುರಿದೆ, ಟಕ್ಕೆಂದಿತು. ಗಾಜಿನ ಪಟ್ಟಿ ಇಟ್ಟಾಗ ನನಗಿಂತ ಮೊದಲು ಅವರೇ ಬಗ್ಗಿ ನೋಡಿ, "ಹಾಂ, ನೋಡ್ರಿ ಈಗ," ಎಂದು ನನಗೆ ಜಾಗ ಬಿಟ್ಟರು. ಬೂದಿಯ ಪರೀಕ್ಷೆಗೆ ಹೊತ್ತು ಹಿಡಿಯುತ್ತದೆ, ಊರಿಗೆ ಹೋಗಿ, ಫೋನು ಮಾಡುತ್ತೇನೆ ಎಂದರೆ ಹೋಗಲಿಲ್ಲ. ಕಾವಲುಗಾರನ ಕುರ್ಚಿ ಹಿಡಿದು ಕೂತರು, ನಡುನಡುವೆ ಬಂದು ಬಾಗಿಲಲ್ಲಿ ಇಣುಕಿದರು.

ಸಂಜೆ ಲೆಕ್ಕ ಮುಗಿಯಿತು. ಮಣ್ಣಿನ ಅಂಶ ಮಿತಿಯೊಳಗಿತ್ತು. ಸಹಿ ಹಾಕಿ ಹೊರಗೆ ಬಂದೆ.

"ಪಾಸ್ ಆತ್ರಿ ಕಾಕಾ."

"ಎಷ್ಟನೇ ನಂಬರ?"

"ಇದರಾಗ ನಂಬರ ಇರೂದಿಲ್ರಿ. ಪಾಸ್ ಇಲ್ಲಾ ನಾಪಾಸ್."

"ಹಂಗ ಹೆಂಗ? ಎಲ್ಲಾರಕಿಂತ ಮ್ಯಾಲ ಐತೋ ಇಲ್ಲೋ ಹೇಳ್ರಿ."

"ಈ ಭಾಗದಾಗ ಬೆಳದಾವ್ರ ನೀವೊಬ್ರ ಅದೀರಿ!"

"ಅಂದ್ರ ಪಹಿಲಾ ನಂಬರ್," ಎಂದು ತಾವೇ ತೀರ್ಪು ಕೊಟ್ಟುಕೊಂಡರು. ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಲ್ಲಿಯೇ ಗೇಟಿನ ಹತ್ತಿರ ನಿಂತು ಮನೆಗೆ ಫೋನು ಹಚ್ಚಿದರು. ಹಳೆಯ ಫೋನು, ಆಚೆಯವರ ಮಾತು ಊರಿಗೆಲ್ಲ ಕೇಳುತ್ತದೆ. ಸೊಸೆಗೆ ಕೊಡು ಎಂದರು. ಅವಳು ಬಂದಳು.

"ಪಾಸ್ ಆಗೈತಿ. ಕಬ್ಬಿನ ಬೀಜದಾವಗ ಮಡ್ಡಿಗೆ ಬ್ಯಾಡ ಅಂತ ಹೇಳಿಬಿಡು. ಆ ಹೊಲಾ ನಿನ್ನ ಕಡೇನ ಇರ್ಲಿ."

ಈಗ ಅಳುತ್ತಾಳೆ ಅಂದುಕೊಂಡೆ. ಅವಳ ದನಿ ಸ್ಪಷ್ಟವಾಗಿಯೇ ಕೇಳಿತು.

"ಈ ವರ್ಷಕ್ಕೋ, ಕಾಯಮ್ಮೋ ಮಾವಾರ?"

ಮಾವ ನನ್ನ ಕಡೆ ತಿರುಗಿ ನೋಡಿದರು, ಇದನ್ನು ನಾನೇ ಹೇಳಿಕೊಟ್ಟಿದ್ದೇನೆ ಎನ್ನುವ ಹಾಗೆ. ದೇವರಾಣೆಗೂ ಹೇಳಿಕೊಟ್ಟಿರಲಿಲ್ಲ. ಮೀಸೆ ಸವರಿಕೊಂಡರು. ಗೇಟಿನ ಆಚೆ ಹೋಗುತ್ತಿದ್ದ ಖಾಲಿ ಟ್ರ್ಯಾಕ್ಟರ್ ದಾಟಲಿ ಎಂದು ಕಾದರು. ದಾಟಿತು.

"ಕಾಯಮ್," ಎಂದರು.

ಅಷ್ಟು ಹೇಳಿ ಫೋನು ಕಿಸೆಗೆ ಹಾಕಿಕೊಂಡು, ಖಾಲಿ ಚೀಲಗಳನ್ನು ಇನ್ನೂ ಯಾಕೆ ತಿರುಗಿ ಕೊಟ್ಟಿಲ್ಲ ಎಂದು ನನ್ನನ್ನೇ ಗದರಿದರು.